ಸೇರು ಯಾವ ಊರಿನದು?

ಹಿಂದೆ ನಾನು ಕೆಲಸದಲ್ಲಿದ್ದ ಊರಿನಲ್ಲಿ ಮನೆಯಲ್ಲೇ ಸೀರೆ ಮಾರುವ ಹೆಂಗಸೊಬ್ಬರಿದ್ದಾರೆ. ಗಂಡ ತೀರಿಕೊಂಡ ಮೇಲೆ ಸೀರೆಯ ಗಂಟು ನಂಬಿಕೊಂಡೇ ಇಬ್ಬರು ಮಕ್ಕಳನ್ನು ಓದಿಸಿದವರು. ಈಗ ಗಂಟು ಹೊತ್ತು ತಿರುಗುವುದಿಲ್ಲ. ಮಂಚದ ಮೇಲೆ ಸೀರೆ ಹರಡಿ ಫೋಟೋ ತೆಗೆದು ಮೊಬೈಲಿಗೆ ಕಳಿಸುತ್ತಾರೆ. ಹೋದ ದಸರೆಗೆ ಮುಂಚೆ ಕಳಿಸಿದ ಒಂದು ಸೀರೆ ದಾಳಿಂಬೆ ಹೂವಿನಂತೆ ಹೊಳೆಯುತ್ತಿತ್ತು. ಕೂಡಲೇ ಹಣ ಕಳಿಸಿದೆ. ಪಾರ್ಸೆಲ್ ಬಿಚ್ಚಿದರೆ ಒಳಗಿದ್ದದ್ದು ಇಟ್ಟಿಗೆಯ ಬಣ್ಣ.

ಫೋನು ಮಾಡಿ, "ತೋರಿಸೋದೊಂದು, ಕೊಡೋದೊಂದು. ನಿಮ್ಮಿಂದ ಇದನ್ನ ನಿರೀಕ್ಷಿಸಿರಲಿಲ್ಲ" ಎಂದೆ. ಮೂವತ್ತು ವರ್ಷ ತರಗತಿಯಲ್ಲಿ ಗದರಿಸಿದ ಗಂಟಲು ನನ್ನದು, ಮಾತು ಮೆತ್ತಗೆ ಬರುವುದಿಲ್ಲ. ಅವರು, "ನನ್ನ ಕಣ್ಣಿಗೆ ಫೋಟೋನೂ ಸೀರೆನೂ ಒಂದೇ ಥರ ಕಾಣ್ತವೆ ಟೀಚರೇ" ಎಂದಷ್ಟೇ ಹೇಳಿ, ಸೀರೆ ವಾಪಸು ತರಿಸಿಕೊಂಡು ಪೂರ್ತಿ ಹಣ ಕಳಿಸಿದರು. ಸುಳ್ಳು ಹೇಳಿ ಸಿಕ್ಕಿಬಿದ್ದವರು ಹೀಗೇ ತಗ್ಗುತ್ತಾರೆ ಎಂದುಕೊಂಡೆ.

ಹಬ್ಬಕ್ಕೆ ಬೆಂಗಳೂರಿನಿಂದ ಬಂದ ಮಗಳು ಊಟಕ್ಕೆ ಕರೆದರೂ ಏಳದೆ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಅವಳ ಕೆಲಸ ನನಗೆ ಅರ್ಥವಾದದ್ದು ಇಷ್ಟು: ಕಂಪ್ಯೂಟರಿನಲ್ಲಿ ನಾವು ಒತ್ತುವ ಗುಂಡಿ, ಪಟ್ಟಿ, ಕಿಟಕಿಗಳನ್ನು ಪ್ರತಿಯೊಬ್ಬರೂ ಹೊಸದಾಗಿ ಮಾಡುವುದಿಲ್ಲ. ಮನೆ ಕಟ್ಟುವವರು ಸಿದ್ಧ ಬಾಗಿಲು ಚೌಕಟ್ಟು ತಂದು ಕೂರಿಸಿದ ಹಾಗೆ, ಅವೂ ಸಿದ್ಧವಾಗಿ ಸಿಗುತ್ತವೆ. ಜಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರಿಗಾಗಿ ಹುಟ್ಟಿದ ಜಿಟಿಕೆ, ನಾರ್ವೆಯಲ್ಲಿ ಹುಟ್ಟಿ 1995ರಲ್ಲಿ ಹೊರಬಂದ ಕ್ಯೂಟಿ ಇಂಥವು. ಒಮ್ಮೆ ಬರೆದರೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯಬೇಕು. ಇವಳ ಕಂಪನಿಯದೂ ಆ ಜಾತಿಯ ಒಂದು ಸಲಕರಣೆ.

ಅದರ ಮೇಲೆ ದೂರು ಬಂದಿತ್ತು. ಒಂದೇ ಕಿಟಕಿಯಲ್ಲಿ ಒಂದು ಗುಂಡಿ, ಒಂದು ಪಟ್ಟಿ. ಎರಡಕ್ಕೂ ಕೊಟ್ಟದ್ದು ಒಂದೇ ಕೆಂಪು. ಕೆಲವು ಮ್ಯಾಕ್‌ಗಳಲ್ಲಿ ಗುಂಡಿ ಸೌಮ್ಯವಾಗಿದೆ, ಪಟ್ಟಿ ಕಣ್ಣು ಕುಕ್ಕುತ್ತದೆ.

"ಒಂದೇ ಕೆಂಪು ಅಂದಮೇಲೆ ಬೇರೆ ಹೇಗೆ ಕಾಣುತ್ತೆ?" ಎಂದೆ.

ಕಂಪ್ಯೂಟರಿಗೆ ಕೆಂಪು ಎಂದರೆ ಸಂಖ್ಯೆಯಂತೆ. ಕೆಂಪು, ಹಸಿರು, ನೀಲಿ ಮೂರಕ್ಕೂ 0ಯಿಂದ 255ರವರೆಗೆ ಅಂಕ. ಪೂರ್ತಿ ಕೆಂಪೆಂದರೆ 255, 0, 0. ಆದರೆ ಯಾವ ಅಳತೆಯ 255? 1996ರಲ್ಲಿ ಎಚ್‌ಪಿ, ಮೈಕ್ರೋಸಾಫ್ಟ್ ಸೇರಿ ಎಸ್‌ಆರ್‌ಜಿಬಿ ಎಂಬ ಅಳತೆ ಮಾಡಿದರು. ಆಗಿನ ಪರದೆಗಳಿಗೆ ಅದು ಸಾಕಿತ್ತು. 2015ರ ಐಮ್ಯಾಕ್‌ನಿಂದ ಈಚೆಗೆ ಆ್ಯಪಲ್‌ನವರು ಅದಕ್ಕಿಂತ ಗಾಢವಾದ ಕೆಂಪು, ಹಸಿರು ತೋರಿಸಬಲ್ಲ ಪರದೆ ಕೊಡತೊಡಗಿದರು. ಗುಂಡಿಯನ್ನು ಬಿಡಿಸುವುದು ಮ್ಯಾಕ್ ತಾನೇ. ಅದು ಸಂಖ್ಯೆಯನ್ನು ಹಳೆಯ ಅಳತೆಯದೆಂದು ತಿಳಿದು ಹೊಸ ಪರದೆಗೆ ಬದಲಾಯಿಸಿಕೊಳ್ಳುತ್ತದೆ. ಪಟ್ಟಿಯನ್ನು ಬಿಡಿಸುವುದು ಇವಳ ಸಲಕರಣೆ. ಅದು ಅಳತೆಯ ಹೆಸರೇ ಹೇಳದೆ ಬರೀ 255 ಎನ್ನುತ್ತದೆ. ಪರದೆ ತನ್ನ ಶಕ್ತಿಯಿದ್ದಷ್ಟೂ ಕೆಂಪು ಸುರಿಯುತ್ತದೆ.

ನನಗೆ ಅಜ್ಜಿಯ ಸೇರು ನೆನಪಾಯಿತು. 1956ರ ಕಾನೂನು ಬಂದು ಕಿಲೋ, ಲೀಟರು ಚಾಲ್ತಿಯಾಗುವವರೆಗೆ ಕಚ್ಚಾ ಸೇರು, ಪಕ್ಕಾ ಸೇರು ಎಂದು ಬೇರೆ ಬೇರೆಯಿದ್ದವು. ಒಂದೂರಿನ ಸೇರು ಇನ್ನೊಂದೂರಿಗೆ ಹೊಂದುತ್ತಿರಲಿಲ್ಲ. ಎರಡು ಸೇರು ಕೊಟ್ಟೆ ಎಂದವಳೂ, ಇದು ಎರಡು ಸೇರಲ್ಲ ಎಂದವಳೂ ಇಬ್ಬರೂ ನಿಜವನ್ನೇ ಹೇಳುತ್ತ ಕಿತ್ತಾಡಬಹುದಾಗಿತ್ತು.

ಜೊತೆಯವನೊಬ್ಬ, ಮ್ಯಾಕ್‌ಗೆ ಮಾತ್ರ ಅಂಕ ಕಡಿಮೆ ಮಾಡಿಬಿಡೋಣ ಎಂದನಂತೆ. ಹಾಗೆ ಮಾಡಿದರೆ ಹಳೆಯ ಪರದೆಯ ಮ್ಯಾಕ್‌ನಲ್ಲಿ ಕೆಂಪು ಪೇಲವವಾಗುತ್ತದೆ. ಮಗಳು ಪ್ರತಿ ಬಣ್ಣದ ಜೊತೆಗೂ "ಇದು ಇಂಥ ಅಳತೆಯದು" ಎಂಬ ಚೀಟಿ ಹೋಗುವಂತೆ ಮಾಡಿದಳು. ತಮಾಷೆಯೆಂದರೆ ಆಮೇಲೆ ದೂರು ಹೆಚ್ಚಾದವು! ಅಲ್ಲಿಯವರೆಗೆ ಕಣ್ಣು ಕುಕ್ಕುವ ಕೆಂಪನ್ನೇ ನೋಡಿ ಒಗ್ಗಿದ್ದವರು, ನಮ್ಮ ಬಣ್ಣ ಮಂಕಾಯಿತು, ಕೆಡಿಸಿಬಿಟ್ಟಿರಿ ಎಂದು ಬರೆದರು. ಸರಿಪಡಿಸಿದವಳೇ ಕೆಡಿಸಿದವಳಾದಳು.

"ನಾವು ಕೆಡಿಸಿಲ್ಲ, ನಿಮ್ಮ ಪರದೆ ಹಾಗಿದೆ ಅಂತ ಕೈ ತೊಳೆದುಕೊಳ್ಳಬಹುದಿತ್ತಲ್ಲ?" ಎಂದೆ.

"ಪರದೆಗೆ ನಮ್ಮ ಅಂಕ ಎಲ್ಲಿಂದ ಬಂತು ಗೊತ್ತಿಲ್ಲಮ್ಮ, ಬರೆದವನಿಗೆ ಯಾರ ಪರದೆ ಹೇಗಿದೆ ಗೊತ್ತಿಲ್ಲ. ಎರಡೂ ಗೊತ್ತಿರೋದು ಮಧ್ಯದಲ್ಲಿರೋ ನಮಗೆ ಮಾತ್ರ."

ಆಗಲೇ ನಾನು ನನ್ನ ಫೋನು ತಂದು ಆ ಸೀರೆಯ ಫೋಟೋ ತೋರಿಸಿದ್ದು. ಅವಳು ಅದನ್ನು ತನ್ನ ಲ್ಯಾಪ್‌ಟಾಪಿಗೂ ಹಾಕಿದಳು. ಅಲ್ಲಿ ಇಟ್ಟಿಗೆ, ನನ್ನಲ್ಲಿ ದಾಳಿಂಬೆ. ನನ್ನ ಫೋನಿನಲ್ಲಿ ಬಣ್ಣವನ್ನು ಉಜ್ವಲವಾಗಿ ತೋರಿಸುವ ಏರ್ಪಾಡು ಚಾಲೂ ಇತ್ತು. ಕೊಂಡಾಗಿನಿಂದ ಹಾಗೇ ಇತ್ತಂತೆ. ಮೊಮ್ಮಗನ ಕೆನ್ನೆ ಎಷ್ಟು ಕೆಂಪಗಿದೆ ಎಂದು ಹಿಗ್ಗಿದ್ದೆಲ್ಲ ಆ ಏರ್ಪಾಡಿನದೇ.

ಆ ರಾತ್ರಿ ನಿದ್ದೆ ಬರಲಿಲ್ಲ. ಅವರು ಸುಳ್ಳು ಹೇಳಲಿಲ್ಲ. ನಾನು ಕಂಡದ್ದೂ ಸುಳ್ಳಲ್ಲ. ಹಾಗಾದರೆ ಆದ ನಷ್ಟ ಯಾರದು? ಕಂಪ್ಯೂಟರಿನಲ್ಲಿ ಮಧ್ಯದವರು ಹೊತ್ತರು. ನಮ್ಮಿಬ್ಬರ ಮಧ್ಯೆ ಯಾರೂ ಇರಲಿಲ್ಲ, ಹೊತ್ತವರು ಬಡವರು. ನಷ್ಟವನ್ನಾದರೂ ಲೆಕ್ಕ ಹಾಕಬಹುದು, ಆಡಿದ ಮಾತಿಗೆ ನನ್ನ ಫೋನು ಕಾರಣವಲ್ಲವಲ್ಲ. ನನ್ನ ಕಣ್ಣಿನ ಮೇಲೆ ನನಗೆ ಒಂದು ಸಂಶಯವೂ ಬಾರದೆ, ಹದಿನೈದು ವರ್ಷದಿಂದ ಬಲ್ಲ ಹೆಂಗಸಿನ ಮೇಲೆ ಮಾತ್ರ ಬಂದದ್ದು ಹೇಗೆ?

ಬೆಳಿಗ್ಗೆ ಫೋನು ಮಾಡಿದೆ. ಮಡಿಕೆ ಬಿಚ್ಚಿದ ಸೀರೆಯೆಂದು ಮುನ್ನೂರು ರೂಪಾಯಿ ಕಡಿಮೆಗೆ ಮಾರಿದರಂತೆ. ಪಾರ್ಸೆಲ್ ಖರ್ಚು ಬೇರೆ. ಎಲ್ಲವನ್ನೂ ಕೊಡುತ್ತೇನೆಂದೆ. ಪಾರ್ಸೆಲ್ ಖರ್ಚು ಮಾತ್ರ ಕಳಿಸಿ ಎಂದರು. ಮುನ್ನೂರು ಏಕೆ ಬೇಡವೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಪರದೆಯ ವಿಷಯ ವಿವರಿಸಿದೆ. ಅವರು ಹೂಂಗುಟ್ಟುತ್ತ ಕೇಳಿದರು.

ಹದಿನೈದು ದಿನದ ಮೇಲೆ ಒಂದು ಫೋಟೋ ಬಂತು. ಹಸಿರು ಸೀರೆ, ಅದರ ಸೆರಗಿನ ಮೇಲೆ ಒಂದು ವೀಳ್ಯದೆಲೆ. ಕೆಳಗೆ, "ಎಲೆಗಿಂತ ಒಂದು ಚೂರು ಕಪ್ಪು ಟೀಚರೇ, ನಿಮ್ಮನೇಲಿ ಎಲೆ ಇದ್ರೆ ಪಕ್ಕ ಹಿಡಿದು ನೋಡಿ" ಎಂದು ಬರೆದಿದ್ದರು. ಹಿತ್ತಿಲಿಗೆ ಹೋಗಿ ಬಳ್ಳಿಯಿಂದ ಒಂದೆಲೆ ಕಿತ್ತು ತಂದೆ.