ಬಿಸಿಹಾಲಿನ ನೆನಪು

ಮಳೆ ಕೈಕೊಟ್ಟ ವರ್ಷಗಳಲ್ಲಿ ಮದ್ದಿಕೇರ, ಪತ್ತಿಕೊಂಡ, ಆದೋನಿ ಸುತ್ತಿನ ಹಳ್ಳಿಗಳಿಂದ ಎಷ್ಟೋ ಸಂಸಾರಗಳು ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುತ್ತವೆ. ವಯಸ್ಸಾದವರು ಊರಲ್ಲೇ ಉಳಿಯುತ್ತಾರೆ, ಎಮ್ಮೆಗೆ ಯಾರದೋ ಕೊಟ್ಟಿಗೆ ಸಿಗುತ್ತದೆ. ಬೆಕ್ಕಿನ ನೆನಪಾಗುವುದು ಬೀಗ ಹಾಕುವ ಹೊತ್ತಿಗೆ. ಹಾಗೆ ಒಂದು ವರ್ಷ ಎದುರುಮನೆಯ ಹೆಣ್ಣುಮಗಳು, "ಅಣ್ಣಾ, ಇದಕ್ಕೊಂದು ತುತ್ತು ಹಾಕ್ರಿ, ಯುಗಾದಿಗೆ ಬಂದುಬಿಡ್ತೀವಿ" ಎಂದು ಗೋಣಿಚೀಲದಲ್ಲಿ ತಂದ ಬೆಕ್ಕನ್ನು ನಮ್ಮ ಪಡಸಾಲೆಯಲ್ಲಿ ಬಿಟ್ಟು ಹೋದಳು. ಚೀಲದ ಬಾಯಿ ಬಿಚ್ಚಿದ್ದೇ ತಡ, ಅದು ಶೇಂಗಾ ಮೂಟೆಗಳ ಸಂದಿಗೆ ನುಗ್ಗಿ ಮರೆಯಾಯಿತು.

ಬೆಂಗಳೂರಿನಂಥ ಊರಿನಲ್ಲಿ ಇಂಥ ಜೀವಗಳನ್ನು ನೋಡಿಕೊಳ್ಳಲೆಂದೇ ಸಂಸ್ಥೆಗಳಿವೆ. ಕ್ರಿಸ್ಟಲ್ ರೋಜರ್ಸ್ ಎಂಬಾಕೆ ಇಳಿವಯಸ್ಸಿನಲ್ಲಿ ಅಲ್ಲಿ ಕ್ಯೂಪಾ ಎಂಬ ಸಂಸ್ಥೆ ಕಟ್ಟಿದ್ದು 1991ರಲ್ಲಿ. ಆಶ್ರಯಧಾಮದ ಗದ್ದಲದಲ್ಲಿ ಬೆದರಿದ ಬೆಕ್ಕನ್ನು ಒಂದಷ್ಟು ವಾರ ಮನೆಯಲ್ಲಿಟ್ಟುಕೊಂಡು ಸುಧಾರಿಸುವುದಕ್ಕೆ ನಗರದವರು ಫಾಸ್ಟರ್ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಹೆಸರಿಲ್ಲ, ಬಾಯಿಮಾತಿನ ಒಪ್ಪಿಗೆಯಷ್ಟೇ. ಮೂಟೆಯ ಸಂದಿಯಲ್ಲಿ ಮುದುಡಿ ಕೂತ ಜೀವದ ಎದೆಬಡಿತ ಮಾತ್ರ ಎರಡೂ ಕಡೆ ಒಂದೇ.

ಮೊದಲ ದಿನ ನಾನು ಕರೆದೆ, ಹಾಲಿಟ್ಟೆ, ಕೈ ಚಾಚಿದೆ. ಅದು ಇನ್ನೂ ಒಳಕ್ಕೆ ಸರಿಯಿತು. ನನಗೆ ಬೇಸರವಾಯಿತು, ಆ ಬೇಸರವನ್ನು ಈಗ ತಿರುಗಿ ನೋಡಿದರೆ, ಅದರಲ್ಲಿ ಬೆಕ್ಕಿನ ಮೇಲಿನ ಕರುಣೆಗಿಂತ ನನ್ನ ಕರುಣೆಗೆ ಬೆಲೆ ಸಿಗಲಿಲ್ಲವೆಂಬ ಅಳಲೇ ಹೆಚ್ಚಿತ್ತು. ಅನ್ನ ಹಾಕುವವನು ನಾನು, ಅದು ಬಂದು ಕಾಲಿಗೆ ಮೈ ಉಜ್ಜಬೇಕು ಎಂಬ ಲೆಕ್ಕವನ್ನು ನನ್ನ ಮನಸ್ಸು ಯಾವಾಗ ಬರೆದುಕೊಂಡಿತ್ತೋ! ನೊಂದವರ ಮನೆಗೆ ಹೋಗಿ ಅವರು ಮಾತಾಡದಿದ್ದರೆ ಮುನಿಸಿಕೊಂಡು ಬರುವವರೂ ನಾವೇ ಅಲ್ಲವೇ?

ಹಾಲಿನ ಬಟ್ಟಲನ್ನು ಎತ್ತಿಡುವಾಗ ತೆನಾಲಿ ರಾಮಕೃಷ್ಣನ ಬೆಕ್ಕು ನೆನಪಾಯಿತು. ಆದೋನಿಯ ಕೋಟೆಯೂ ಒಂದು ಕಾಲಕ್ಕೆ ವಿಜಯನಗರದ್ದೇ. ಕೃಷ್ಣದೇವರಾಯನ ಆಸ್ಥಾನದ ಕಥೆಗಳು ಈ ಸೀಮೆಯಲ್ಲಿ ಕನ್ನಡ, ತೆಲುಗು ಎರಡರಲ್ಲೂ ಓಡಾಡುತ್ತವೆ. ಬೆಕ್ಕು ಸಾಕಲು ಅರಸ ಹಸು ಕೊಟ್ಟ, ರಾಮಕೃಷ್ಣ ಮೊದಲ ದಿನವೇ ಸುಡುಸುಡುವ ಹಾಲಿಟ್ಟ, ಅಂದಿನಿಂದ ಹಾಲು ಕಂಡರೆ ಬೆಕ್ಕು ಓಡಿತು, ಹಾಲೆಲ್ಲ ಮನೆಯವರ ಪಾಲಾಯಿತು. ಕೇಳಿ ಎಷ್ಟು ತಲೆಮಾರು ನಕ್ಕಿದ್ದೇವೆ! ಆ ಸುಟ್ಟ ನಾಲಿಗೆಯ ಕಡೆಗೆ ಯಾಕೆ ನಮ್ಮ ಮನಸ್ಸು ಹೋಗಲಿಲ್ಲ? ಹೆದರಿದ ಪ್ರಾಣಿಯನ್ನು ಪೆದ್ದು, ಮೊಂಡು, ಕೃತಘ್ನ ಎನ್ನುವುದು ಸುಲಭ. ಅದರ ಓಟದ ಹಿಂದೆ ಒಂದು ಬಿಸಿಬಟ್ಟಲು ಇದ್ದೀತು, ಆ ಬಟ್ಟಲಿಟ್ಟ ಕೈ ನಮ್ಮಂಥದೇ ಇದ್ದೀತು ಎಂದು ಎಣಿಸಲು ನಿಧಾನ ಬೇಕು.

ಅಡಗುವುದು ಅದರ ಔಷಧ ಎಂಬುದನ್ನು ಆಮೇಲೆ ಓದಿ ತಿಳಿದೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಆಶ್ರಯಧಾಮಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ 10ಕ್ಕೆ ಅಡಗಲೊಂದು ಪೆಟ್ಟಿಗೆ ಕೊಟ್ಟು ನೋಡಿ, 2014ರಲ್ಲಿ ಬರೆದರು: ಮರೆ ಸಿಕ್ಕವು ಬೇಗ ನಿರಾಳವಾದವು. ಹಾಗಾಗಿ ಮೂಟೆ ಸರಿಸುವುದನ್ನು ಬಿಟ್ಟು, ಒಂದು ರಟ್ಟಿನ ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿಟ್ಟೆವು. ನೀರನ್ನೂ ಮರಳಿನ ತಟ್ಟೆಯನ್ನೂ ದೂರದೂರ ಇಟ್ಟೆವು. ದೊಡ್ಡ ಬೆಕ್ಕುಗಳಲ್ಲಿ ಎಷ್ಟೋ ಹಾಲನ್ನು ಅರಗಿಸಿಕೊಳ್ಳಲಾರವಂತೆ. ಹಾಲಿನ ಬದಲು ಬೇಯಿಸಿದ ಮೊಟ್ಟೆ, ಚೂರು ಒಣಮೀನು, ಅದೂ ದಿನಾ ಅದೇ ಹೊತ್ತಿಗೆ. ಬೆಕ್ಕು ಎರಡು ಮೂರು ದಿನ ಏನನ್ನೂ ಮುಟ್ಟದಿದ್ದರೆ ಅದರ ಯಕೃತ್ತಿಗೆ ಅಪಾಯ ಎಂಬ ಆತಂಕವೂ ನನಗಿತ್ತು. ಎರಡನೆಯ ರಾತ್ರಿ ಮೀನಿನ ಚೂರು ಕಾಣೆಯಾದಾಗ ಮನೆಯವರೆಲ್ಲ ಪಿಸುಮಾತಿನಲ್ಲೇ ಸಂಭ್ರಮಪಟ್ಟೆವು. ಎಲ್ಲಕ್ಕಿಂತ ನೆರವಾದದ್ದು ಎದುರುಮನೆಯ ಹಳೇ ಕೌದಿಯ ತುಂಡು. ಬೆಕ್ಕಿಗೆ ಮನೆ ಎಂದರೆ ಕೆನ್ನೆ ತೀಡಿ ತೀಡಿ ಬಾಗಿಲಿಗೆ, ಗೂಟಕ್ಕೆ, ಹಾಸಿಗೆಗೆ ಅದು ಹಚ್ಚಿಟ್ಟ ತನ್ನದೇ ವಾಸನೆ. ಆ ತುಂಡು ಪೆಟ್ಟಿಗೆಯೊಳಗೆ ಬಿದ್ದ ಮೇಲೆ, ಅದರ ಮನೆಯ ಒಂದು ಮೂಲೆ ನಮ್ಮಲ್ಲಿಗೆ ಬಂದಂತಾಯಿತು.

ಆಮೇಲೆ ನನಗೆ ಉಳಿದ ಕೆಲಸ, ಸುಮ್ಮನೆ ಕೂರುವುದು. ಅದೆಷ್ಟು ಕಷ್ಟ! ಸಂಜೆ ಪಡಸಾಲೆಯಲ್ಲಿ ಪಕ್ಕಕ್ಕೆ ತಿರುಗಿ ಕೂತು ಪತ್ರಿಕೆ ಓದುತ್ತಿದ್ದೆ. ದಿಟ್ಟಿಸಿ ನೋಡಿದರೆ ಬೆಕ್ಕಿಗೆ ಅದು ಬೆದರಿಕೆ. ನಿಧಾನವಾಗಿ ಕಣ್ಣು ಮುಚ್ಚಿ ತೆರೆದರೆ ಅದೂ ಹಾಗೇ ಮಾಡೀತು, ಹತ್ತಿರ ಬರಲೂ ಒಪ್ಪೀತು ಎಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿದರು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕನ್ನು ನಮ್ಮ ಗಾದೆ ಕಳ್ಳತನಕ್ಕೆ ಹೋಲಿಸಿತು. ಎದುರಿಗೊಬ್ಬರು ಇರುವಾಗ ರೆಪ್ಪೆ ಇಳಿಸುವುದು, ಆ ಗಳಿಗೆಯಲ್ಲಿ ತನಗೇನೂ ಆಗದೆಂದು ನಂಬುವುದು, ಪೆಟ್ಟು ತಿಂದ ಜೀವಕ್ಕೆ ಎಷ್ಟು ದೊಡ್ಡ ಧೈರ್ಯ ಎಂಬುದನ್ನು ನಾನು ಪತ್ರಿಕೆಯ ಅಂಚಿನಿಂದ ಕಂಡದ್ದು ಮೂರನೆಯ ವಾರದಲ್ಲಿ.

ಯುಗಾದಿಗೆ ಎದುರುಮನೆಯ ಬೀಗ ತೆರೆಯಿತು. ಆಕೆ ಮತ್ತೆ ಗೋಣಿಚೀಲ ಹಿಡಿದೇ ಬಂದಿದ್ದಳು. "ಚೀಲ ಬೇಡಮ್ಮಾ, ನಿಮ್ಮ ಬಾಗಿಲು ತೆಗೆದಿಡು, ಸಾಕು" ಎಂದೆ. ನಾವೂ ನಮ್ಮ ಬಾಗಿಲು ತೆರೆದಿಟ್ಟೆವು. ಬೀದಿ ತಣ್ಣಗಾಗಿ ದೀಪ ಹಚ್ಚುವ ಹೊತ್ತಿಗೆ ಬೆಕ್ಕು ಹೊಸ್ತಿಲ ಮೇಲೆ ಬಂದು ಕೂತಿತು. ಬಹಳ ಹೊತ್ತು ಕೂತಿತು. ಆಮೇಲೆ ಎದ್ದು, ಓಡದೆ, ನಡೆದೇ ಬೀದಿ ದಾಟಿತು.