ಪಟ್ಟಣವನ್ನು ಉಳಿಸಿದ ಬಡವನ ನೆನಪು

ಧ್ಯಾನಕ್ಕಾಗಿ: ಪ್ರಸಂಗಿ 9ನೆಯ ಅಧ್ಯಾಯ, 13ರಿಂದ 16ನೆಯ ವಚನಗಳು



ಈ ವಚನಗಳಲ್ಲಿ ಜ್ಞಾನಿಯು ತಾನು ಕಂಡ ಒಂದು ಸಂಗತಿಯನ್ನು ತಿಳಿಸುತ್ತಾನೆ. ಒಂದು ಚಿಕ್ಕ ಪಟ್ಟಣವನ್ನು ಬಲಿಷ್ಠನಾದ ಅರಸನು ಮುತ್ತಿದನು. ಒಳಗಿದ್ದ ಒಬ್ಬ ಬಡವನ ಬುದ್ಧಿಯಿಂದ ಆ ಪಟ್ಟಣವು ಉಳಿಯಿತು. ಉಳಿದ ಮೇಲಾದರೋ ಅವನನ್ನು ಯಾರೂ ನೆನೆಯಲಿಲ್ಲ. ಶತ್ರುವಿನಿಂದ ತಪ್ಪಿಸಿಕೊಂಡ ಜನರು ಮರೆವಿಗೆ ಸೆರೆಯಾದರಲ್ಲವೋ?

ಇಂಥ ಮುತ್ತಿಗೆಯು ನಮ್ಮ ಬೆಂಗಳೂರಿಗೂ ಬಂದಿತ್ತು. ಮುತ್ತಿದ್ದು ಅರಸನಲ್ಲ, ಪ್ಲೇಗೆಂಬ ಮಹಾಮಾರಿ. 1898ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಅದು ರೈಲು ಮಾರ್ಗವಾಗಿ ಇಲ್ಲಿಗೆ ಬಂದಿತು. ಆಗ ಬ್ಲ್ಯಾಕ್‌ಪಳ್ಳಿ ಎನಿಸಿಕೊಂಡಿದ್ದ ಈಗಿನ ಶಿವಾಜಿನಗರದ ಇಕ್ಕಟ್ಟಾದ ಓಣಿಗಳಲ್ಲಿಯೂ ಹಲಸೂರಿನಲ್ಲಿಯೂ ಗೋಳಾಟವು ತುಂಬಿತು. 1891ರ ಜನಗಣತಿಯಲ್ಲಿ 1,00,081 ಜನರಿದ್ದ ದಂಡು ಪ್ರದೇಶದಲ್ಲಿ 1901ರಲ್ಲಿ ಉಳಿದವರು 89,599 ಮಂದಿ. ಸತ್ತವರು ಅನೇಕರು, ಊರು ಬಿಟ್ಟು ಓಡಿದವರೂ ಅನೇಕರು.

ಆ ದಿನಗಳಲ್ಲಿ ಓಡದೆ ನಿಂತವರು ಇದ್ದರು. ಮೈಸೂರು ಸಂಸ್ಥಾನದಲ್ಲಿ ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರಾಗಿ ಆ ಭಾರವನ್ನು ಹೊತ್ತರು. ಅವರು ಮುಂದೆ ದಿವಾನರಾದರು. ಡಾಕ್ಟರ್ ಪಲ್ಪು ಎಂಬವರು ಪ್ಲೇಗಿನ ಶಿಬಿರದಲ್ಲಿ ರೋಗಿಗಳ ನಡುವೆ ದುಡಿದರು. ಇವರು ತಿರುವಾಂಕೂರಿನ ಈಳವ ಕುಲದಲ್ಲಿ ಹುಟ್ಟಿದವರು. ವೈದ್ಯವಿದ್ಯೆಯಲ್ಲಿ ತೇರ್ಗಡೆಯಾದರೂ ಜಾತಿಯ ದೆಸೆಯಿಂದ ಸ್ವಂತ ಸಂಸ್ಥಾನವು ಇವರಿಗೆ ಕೆಲಸ ಕೊಡಲಿಲ್ಲ, ಮೈಸೂರು ಕೊಟ್ಟಿತು. ಕಟ್ಟುವವರು ಬೇಡವೆಂದು ಬಿಸಾಡಿದ ಕಲ್ಲನ್ನು ದೇವರು ಬೆಂಗಳೂರಿನ ಸಂಕಟದ ಕಾಲದಲ್ಲಿ ಗೋಡೆಗೆ ಇಟ್ಟನು. ಜಾತಿಯ ನೊಗವನ್ನು ಬಲ್ಲ ನಮ್ಮ ಹಿರಿಯರ ಮಕ್ಕಳು ಇದನ್ನು ಮರೆಯಬಾರದು.

ಕೆಲವರು ನಮ್ಮನ್ನು ಹೀಗೆ ಕೇಳುವದುಂಟು: ಆ ಕಾಲದ ಅಧಿಕಾರಿಗಳು ಮನೆಗಳಿಗೆ ನುಗ್ಗಲಿಲ್ಲವೋ? ತಾಯಿಯನ್ನು ಮಕ್ಕಳಿಂದ ಅಗಲಿಸಿ ಶಿಬಿರಕ್ಕೆ ಒಯ್ಯಲಿಲ್ಲವೋ? ಇದು ಸತ್ಯವೇ. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯು ಬಹಳ ಕಠಿಣವಾಗಿತ್ತು. ಅನೇಕ ಕಡೆಗಳಲ್ಲಿ ಜನರು ರೊಚ್ಚಿಗೆದ್ದರು. ಉಪಕಾರಸ್ಮರಣೆಯು ಮುಖಸ್ತುತಿಯಲ್ಲ. ನೋವನ್ನು ನೋವೆಂದೂ ಸೇವೆಯನ್ನು ಸೇವೆಯೆಂದೂ ಹೇಳುವ ನಾಲಿಗೆಯೇ ದೇವರಿಗೆ ಮೆಚ್ಚಿಕೆಯಾದದ್ದು. ಆ ಅಧಿಕಾರಿಗಳೂ ಮಬ್ಬುಗತ್ತಲಲ್ಲಿ ನಡೆದವರೆಂಬದನ್ನು ಸಹ ಯೋಚಿಸೋಣ. ರೋಗಾಣುವನ್ನು ಯೆರ್ಸಿನ್ ಎಂಬ ವೈದ್ಯನು 1894ರಲ್ಲಿ ಕಂಡುಹಿಡಿದಿದ್ದನು. ಆದರೆ ಅದು ಇಲಿಯ ಮೈಮೇಲಿನ ಚಿಗಟದಿಂದ ಮನುಷ್ಯನಿಗೆ ಬರುತ್ತದೆಂದು ಸಿಮೋನ್ ಎಂಬವನು 1898ರಲ್ಲಿ ತಿಳಿಸಿದರೂ ಅನೇಕ ವರುಷ ಯಾರೂ ನಂಬಲಿಲ್ಲ. ಇಲಿಗಳು ಸಾಯುವ ಮನೆಯನ್ನು ಬಿಟ್ಟು ಬಯಲಿನ ಗುಡಿಸಲಿಗೆ ಹೋದವರು ಬದುಕಿದ್ದಕ್ಕೆ ಕಾರಣವು ಇದೇ. ನಮ್ಮ ನೆರೆಯವರು ಭಯದಿಂದ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಅವರನ್ನು ಹೀಯಾಳಿಸಬೇಡಿರಿ, ಭಯವು ಎಲ್ಲರ ಮನೆಯಲ್ಲಿಯೂ ಒಂದೇ. ನಾವಾದರೋ ರೋಗವನ್ನು ಪೂಜಿಸದೆ, ರೋಗಿಯ ಬಳಿಗೆ ಹೋದವರಿಗಾಗಿ ದೇವರನ್ನು ಸ್ತುತಿಸತಕ್ಕವರು.

ಮುತ್ತಿಗೆ ಕಳೆದ ಮೇಲೆ ಇಕ್ಕಟ್ಟನ್ನು ಬಿಡಿಸುವದಕ್ಕಾಗಿ ದಂಡಿನ ಉತ್ತರಕ್ಕೆ ಹೊಸ ಬಡಾವಣೆಯನ್ನು ಕಟ್ಟಿ, ರೆಸಿಡೆಂಟರಾಗಿದ್ದ ಸ್ಟೂವರ್ಟ್ ಫ್ರೇಸರ್ ಅವರ ಹೆಸರನ್ನು ಅದಕ್ಕೆ ಇಟ್ಟರು. 1910ರಲ್ಲಿ ಸ್ಥಾಪಿತವಾದ ಫ್ರೇಜರ್ ಟೌನು ಇದೇ. ಅಲ್ಲಿನ ಸ್ಟೀಫನ್ಸ್ ರಸ್ತೆಯು ಒಬ್ಬ ಇಂಜಿನಿಯರರ ಹೆಸರನ್ನು ಹೊತ್ತಿದೆ. ಇದು ಯೋಗ್ಯವೇ, ಮರ್ಯಾದೆ ಸಲ್ಲತಕ್ಕವರಿಗೆ ಮರ್ಯಾದೆ ಸಲ್ಲಿಸಬೇಕೆಂದು ಪೌಲನು ರೋಮಾಪುರದವರಿಗೆ ಬೋಧಿಸಿದ್ದಾನೆ.

ಆದರೆ ಪ್ರಿಯರೇ, ಹೆಣ ಹೊತ್ತವರ ಹೆಸರಿನ ರಸ್ತೆ ಎಲ್ಲಿ? ಸುಣ್ಣ ಬಳಿದವರ, ಚರಂಡಿ ತೊಳೆದವರ, ಶಿಬಿರದಲ್ಲಿ ಗಂಜಿ ಕಾಯಿಸಿ ಕೊಟ್ಟವರ ಹೆಸರಿನ ಪೇಟೆ ಎಲ್ಲಿ? ನಾವು ಕಾಣೆವು. ಆದೇಶ ಬರೆದವರು ಕೆಲವರು. ಅದನ್ನು ಕೈಯಾರೆ ನಡೆಸಿ, ರೋಗದ ಉಸಿರಿನ ಸಮೀಪಕ್ಕೆ ಹೋದವರು ಇವರು. ಪ್ರಸಂಗಿಯು ಕಂಡ ಬಡವನು ಇವರ ನಡುವೆ ಇದ್ದಾನೆ. ಮನುಷ್ಯರು ಮರೆತರೂ ಒಂದು ತಂಬಿಗೆ ತಣ್ಣೀರಿನ ಲೆಕ್ಕವನ್ನು ಮರೆಯದ ಕರ್ತನು ಅವರನ್ನು ಹೆಸರು ಹಿಡಿದು ಬಲ್ಲನು.

ಸತ್ತವರಿಗೆ ನಾವು ಸಲ್ಲಿಸಬೇಕಾದ ಸಾಲವನ್ನು ಬದುಕಿರುವವರಿಗೆ ಸಲ್ಲಿಸಬಹುದು. 2020ರಲ್ಲಿ ಕೊರೋನಾ ಬಂದಾಗ ಆಶಾ ಕಾರ್ಯಕರ್ತೆಯರು ಮನೆಮನೆಯ ಬಾಗಿಲು ತಟ್ಟಿದರು. ಕೆಲವು ಊರುಗಳಲ್ಲಿ ಜನರು ಅವರನ್ನು ಬೈದು ಅಟ್ಟಿದರು. ನಾವು ಅಟ್ಟಲಿಲ್ಲ, ನಿಜ. ಆದರೆ ಬಿಸಿಲಿನಲ್ಲಿ ನಿಂತವಳಿಗೆ ನೀರು ಕೊಟ್ಟೆವೋ? ಈ ಪ್ರಶ್ನೆಯ ಮುಂದೆ ನಾವೂ ತಲೆತಗ್ಗಿಸುತ್ತೇವೆ.

ಆದಕಾರಣ ಬರುವ ಸುಗ್ಗಿಯ ಕೃತಜ್ಞತಾ ಆರಾಧನೆಗೆ ನಿಮ್ಮ ಊರಿನ ದಾದಿಯನ್ನೂ ಆಶಾ ಕಾರ್ಯಕರ್ತೆಯನ್ನೂ ಬೀದಿ ಗುಡಿಸುವವರನ್ನೂ ಅವರು ಯಾವ ಮತದವರಾದರೂ ಕರೆಯಿರಿ. ಮುಂದಿನ ಸಾಲಿನಲ್ಲಿ ಕೂಡ್ರಿಸಿರಿ. ಅವರ ಹೆಸರುಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ ಪ್ರಾರ್ಥಿಸಿರಿ. ಪಟ್ಟಣವನ್ನು ಉಳಿಸಿದ ಬಡವನನ್ನು ಒಂದು ಸಭೆಯಾದರೂ ನೆನೆಯಿತೆಂದು ಆಗ ಹೇಳಲ್ಪಡುವದು. ನಮಗೋಸ್ಕರ ಬಡವನಾದ ಯೇಸು ಕ್ರಿಸ್ತನ ಕೃಪೆಯು ನಿಮ್ಮೆಲ್ಲರ ಸಂಗಡ ಇರಲಿ. ಆಮೆನ್.