ಒಂದೇ ಕಂಠದ ಗೋಷ್ಠಿ

ನುಡಿಯೂ ನಡೆಯೂ ಒಂದಾಗಿರಬೇಕೆಂಬುದು ಶರಣಧರ್ಮದ ಮೊದಲ ಪಾಠ. ಆಡುವ ಮಾತಿಗೆ ಹೇಳಿದ ಈ ನಿಯಮವು ಹಾಡುವ ದನಿಗೂ ಅನ್ವಯಿಸುವುದೆ? ಹಿಂದಿನ ಕಾಲದಲ್ಲಿ ಈ ಪ್ರಶ್ನೆಗೆ ಎಡೆಯೇ ಇರಲಿಲ್ಲ. ಹಾಡುವವನು ಕೇಳುವವರ ಎದುರಿಗೇ ಕುಳಿತಿರುತ್ತಿದ್ದನು. ಅವನ ದನಿ ಎಷ್ಟಿತ್ತೋ ಅಷ್ಟೇ ಕೇಳಿಸುತ್ತಿತ್ತು. ಇಂದಾದರೋ ಅಂಗೈಯಲ್ಲಿ ಅಡಗುವ ಮೊಬೈಲು ಒಬ್ಬನ ಕಂಠವನ್ನು ಹತ್ತು ಕಂಠಗಳನ್ನಾಗಿ ಮಾಡಬಲ್ಲದು. ಜಾರಿದ ಸ್ವರವನ್ನು ತಾನೇ ತಿದ್ದಬಲ್ಲದು. ಇದರಲ್ಲಿ ಸತ್ಯವೆಷ್ಟು, ತೋರಿಕೆಯೆಷ್ಟು ಎಂಬುದನ್ನು ವಿಚಾರಿಸುವುದು ಸದ್ಭಕ್ತರಿಗೆ ಉಚಿತವಾದುದು.

ಮೊದಲು ಕೆಲಸದ ಬಗೆಯನ್ನು ತಿಳಿಯಬೇಕು. ದಾವಣಗೆರೆಯ ಒಂದು ಮನೆಯಲ್ಲಿ ಒಬ್ಬ ತರುಣನು ವಚನವೊಂದನ್ನು ಹಾಡಿ ಮುದ್ರಿಸಲು ಕುಳಿತಿರುವನೆಂದು ಭಾವಿಸಬಹುದು. ಗ್ಯಾರೇಜ್‌ಬ್ಯಾಂಡ್, ಬ್ಯಾಂಡ್‌ಲ್ಯಾಬ್ ಮೊದಲಾದ ಆಪ್‌ಗಳಲ್ಲಿ ಅವನು ಶ್ರುತಿಯನ್ನೂ ಲಯದ ವೇಗವನ್ನೂ ಗೊತ್ತುಮಾಡಿಕೊಂಡು ಒಮ್ಮೆ ಹಾಡುತ್ತಾನೆ. ಅದು ಮೊದಲ ಪದರ. ಅದನ್ನೇ ಇಯರ್‌ಫೋನಿನಲ್ಲಿ ಕೇಳುತ್ತ ಮತ್ತೊಮ್ಮೆ ಹಾಡಿದರೆ ಎರಡನೆಯ ಪದರ; ಮಂದ್ರದಲ್ಲಿ ಹಾಡಿದರೆ ಮೂರನೆಯದು. ಇಯರ್‌ಫೋನ್ ಇಲ್ಲದಿದ್ದರೆ ಹಳೆಯ ದನಿಯು ಮೈಕಿನೊಳಗೆ ಮತ್ತೆ ಹೊಕ್ಕು ಎಲ್ಲವೂ ಕಲಸಿಹೋಗುವುದು. ತಂತಿಯಿಲ್ಲದ ಇಯರ್‌ಫೋನಾದರೆ ದನಿಯು ತುಸು ತಡವಾಗಿ ಕಿವಿಗೆ ಬೀಳುವುದರಿಂದ ತಾಳ ತಪ್ಪುವುದು. ಕೊನೆಗೆ ಮುಖ್ಯದನಿಯನ್ನು ನಡುವೆ ನಿಲ್ಲಿಸಿ, ಉಳಿದವುಗಳನ್ನು ಎಡಬಲಗಳಲ್ಲಿ ಮೆಲ್ಲನೆ ಹರಡಿದರೆ, ಕೇಳುವವರಿಗೆ ಒಂದು ಭಜನಾಮಂಡಳಿಯೇ ಹಾಡಿದಂತೆ ತೋರುವುದು. ಹಾಡಿದವನು ಮಾತ್ರ ಒಬ್ಬನೇ.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಅಮೆರಿಕೆಯಲ್ಲಿ 1941ರಲ್ಲಿ ಸಿಡ್ನಿ ಬೆಶೆ ಎಂಬ ವಾದಕನು ಆರು ವಾದ್ಯಗಳನ್ನು ಒಂದರ ಮೇಲೊಂದರಂತೆ ತಾನೊಬ್ಬನೇ ನುಡಿಸಿ ಒಂದು ತಟ್ಟೆಯನ್ನು ಹೊರಡಿಸಿದನು. 1951ರಲ್ಲಿ ಲೆಸ್ ಪಾಲ್ ಮತ್ತು ಮೇರಿ ಫೋರ್ಡ್ ದಂಪತಿಗಳು ಒಬ್ಬಳದೇ ಕಂಠವನ್ನು ಹಲವು ಪದರಗಳಲ್ಲಿ ಕೇಳಿಸಿದರು. ಸ್ವರ ತಿದ್ದುವ ಆಟೋಟ್ಯೂನ್ ಬಂದುದು 1997ರಲ್ಲಿ. ಅದನ್ನು ರಚಿಸಿದ ಆ್ಯಂಡಿ ಹಿಲ್ಡೆಬ್ರಾಂಡ್ ಎಂಬವರು ಅದಕ್ಕೆ ಮೊದಲು ಭೂಗರ್ಭದ ತೈಲವನ್ನು ಕಂಪನಗಳಿಂದ ಶೋಧಿಸುವ ಲೆಕ್ಕಾಚಾರದಲ್ಲಿ ದುಡಿದವರು. 2011ರಲ್ಲಿ ಗ್ಯಾರೇಜ್‌ಬ್ಯಾಂಡ್ ಐಫೋನಿಗೆ ಬಂದಿತು. ದೊಡ್ಡ ಸ್ಟುಡಿಯೋಗಳ ಗುಟ್ಟು ಹೀಗೆ ಬಡವರ ಮನೆಯ ಜಗಲಿಗೂ ಇಳಿಯಿತು. ಇದು ಸಂತೋಷದ ಸಂಗತಿಯೇ.

ಆದರೂ ಆಕ್ಷೇಪವುಂಟು. ಒಬ್ಬನು ಹಲವರಂತೆ ತೋರಿಸಿಕೊಳ್ಳುವುದು ವೇಷವಲ್ಲವೆ? ಹಾಡಲಾರದ ಸ್ವರವನ್ನು ಹಾಡಿದಂತೆ ಕೇಳಿಸುವುದು ಹುಸಿಯಲ್ಲವೆ? ಇನ್ನೊಂದು ಪಕ್ಷದವರು ಹೇಳುವುದೇನೆಂದರೆ, ಯಂತ್ರವು ಯಂತ್ರವೇ; ಹಾರ್ಮೋನಿಯಂ ಬಂದಾಗಲೂ ಜನ ಹೀಗೆಯೇ ಗೊಣಗಿದರು. ಈ ಮಾತಿನಲ್ಲಿ ಹುರುಳಿದೆ. ಹಾರ್ಮೋನಿಯಂ ವಾದ್ಯವನ್ನು ಆಕಾಶವಾಣಿಯು 1940ರಲ್ಲಿ ನಿಷೇಧಿಸಿತು. ಆ ನಿಷೇಧ ಸಡಿಲವಾದುದು 1971ರಲ್ಲಿ. ಅದರ ಮನೆಗಳು ಒಂದೊಂದು ಸ್ವರಕ್ಕೆ ಬಿಗಿದವು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರಲ್ಲಿ ಹೊರಡದು ಎಂಬುದು ಮುಖ್ಯ ಆಕ್ಷೇಪವಾಗಿತ್ತು. ಅಷ್ಟಾದರೂ ಹಳ್ಳಿಹಳ್ಳಿಯ ಭಜನೆಯವರು ಅದನ್ನು ಕೈಬಿಡಲಿಲ್ಲ, ಅವರ ಭಕ್ತಿಗೆ ಅದರಿಂದ ಕುಂದೂ ಬರಲಿಲ್ಲ.

ಆದರೆ ಹಾರ್ಮೋನಿಯಂ ಹಾಡುವವನ ಪಕ್ಕದಲ್ಲಿ ನುಡಿಯುತ್ತದೆ. ಅವನ ಕಂಠದೊಳಗೆ ಹೊಕ್ಕು ನುಡಿಯುವುದಿಲ್ಲ. ಸ್ವರ ತಿದ್ದುವ ಯಂತ್ರವು ಹೊಕ್ಕು ನುಡಿಯುತ್ತದೆ. ಇಲ್ಲಿಯೇ ವಿವೇಕ ಬೇಕಾದುದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ 2010ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳೂ ಎಷ್ಟೋ ಅಂಧ ಬಾಲಕರಿಗೆ ಸಂಗೀತವನ್ನು ಧಾರೆಯೆರೆದರು. ಅಲ್ಲಿ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ, ಶಿಷ್ಯನ ಬಾಯಿಂದ ಗುರುವಿನ ಕಿವಿಗೆ ವಿದ್ಯೆ ಹರಿಯಿತು. ಶಿಷ್ಯನು ತಪ್ಪಿದಾಗ ಗುರುವು ತಿದ್ದಿದುದು ಶಿಷ್ಯನನ್ನು. ಯಂತ್ರವು ತಿದ್ದುವುದು ಮುದ್ರಣವನ್ನು ಮಾತ್ರ. ಮುದ್ರಣವು ಶುದ್ಧವಾಯಿತು, ಹಾಡಿದವನು ಇದ್ದಲ್ಲಿಯೇ ಉಳಿದನು. ಮರುದಿನ ಜನರೆದುರಿಗೆ ಹಾಡಲು ನಿಂತಾಗ ಅವನ ನುಡಿಗೂ ನಡೆಗೂ ನಡುವೆ ಅಂತರ ಬಿದ್ದಿರುತ್ತದೆ. ಯಂತ್ರವನ್ನು ದೂರುವುದರಿಂದ ಫಲವಿಲ್ಲ. ಅಂತರವನ್ನು ಮುಚ್ಚಿಕೊಳ್ಳುವ ಮನಸ್ಸೇ ದೋಷದ ಮೂಲ.

ಅದೇ ಮೊಬೈಲು ಇನ್ನೊಂದು ಉಪಕಾರವನ್ನು ಮಾಡುತ್ತದೆ. ಅದನ್ನು ಬಹಳ ಮಂದಿ ಲಕ್ಷಿಸುವುದಿಲ್ಲ. ಹಾಡುವಾಗ ಮನುಷ್ಯನಿಗೆ ತನ್ನ ದನಿಯು ಹೊರಗಿನಿಂದ ಮಾತ್ರವಲ್ಲದೆ ತಲೆಯ ಎಲುಬುಗಳ ಮೂಲಕವೂ ಕೇಳುವುದರಿಂದ, ಅದು ಇತರರಿಗೆ ಹೇಗೆ ಕೇಳುವುದೆಂಬುದು ಅವನಿಗೆ ತಿಳಿಯದು. ಮುದ್ರಿಸಿಕೊಂಡ ದನಿಯನ್ನು ಮೊದಲ ಬಾರಿ ಕೇಳಿದವನು ನಾಚುವುದು ಸಹಜ. ಆ ನಾಚಿಕೆಯನ್ನು ತಾಳಿಕೊಂಡು, ತಿದ್ದದ ಮೊದಲ ಪದರವನ್ನೇ ಹತ್ತು ಬಾರಿ ಕೇಳಿ, ಎಲ್ಲಿ ಶ್ರುತಿ ಇಳಿಯಿತು, ಎಲ್ಲಿ ವಚನದ ಅಕ್ಷರ ನುಂಗಿಹೋಯಿತು ಎಂದು ಗುರುತಿಸಿಕೊಳ್ಳುವವನಿಗೆ ಅದು ಕನ್ನಡಿಯಾಗುವುದು. ಕನ್ನಡಿಯನ್ನು ನೋಡಿ ಮುಖ ತೊಳೆಯಬೇಕೇ ಹೊರತು ಕನ್ನಡಿಯ ಮೇಲೆ ಬಣ್ಣ ಬಳಿಯಬಾರದು.

ಇನ್ನು ಕೂಟದ ವಿಚಾರ. ಈ ಆಪ್‌ಗಳಲ್ಲಿ ಒಂದು ವಿಚಿತ್ರವಿದೆ. ಒಂದೇ ಪದರವನ್ನು ನಕಲು ಮಾಡಿ ಹತ್ತು ಸಲ ಜೋಡಿಸಿದರೆ ಗೋಷ್ಠಿಯಾಗುವುದಿಲ್ಲ. ಅದೇ ದನಿ ಇನ್ನಷ್ಟು ಗಟ್ಟಿಯಾಗಿ ಕೇಳುವುದು, ಅಷ್ಟೆ. ಗೋಷ್ಠಿಯಂತೆ ಕೇಳಬೇಕಾದರೆ ಪ್ರತಿ ಪದರವನ್ನೂ ಹೊಸದಾಗಿ ಹಾಡಲೇಬೇಕು. ಏಕೆಂದರೆ ಎರಡನೆಯ ಸಲದ ಹಾಡುಗಾರಿಕೆಯು ಮೊದಲನೆಯದಕ್ಕಿಂತ ಸ್ವರದಲ್ಲಿ ಕೂದಲೆಳೆಯಷ್ಟು, ಕಾಲದಲ್ಲಿ ಕಣ್ಣೆವೆಯಷ್ಟು ಬೇರೆಯಾಗಿರುತ್ತದೆ. ಆ ಅಲ್ಪ ಭೇದದಿಂದಲೇ ತುಂಬುದನಿ ಹುಟ್ಟುವುದು. ಎಲ್ಲವನ್ನೂ ಯಂತ್ರದಿಂದ ಕಟ್ಟುನಿಟ್ಟಾಗಿ ತಿದ್ದಿದರೆ ಆ ತುಂಬು ಮತ್ತೆ ಕರಗುತ್ತದೆ. ಭೇದವಿಲ್ಲದ ಕಡೆ ಕೂಟವಿಲ್ಲವೆಂಬುದನ್ನು ಯಂತ್ರವೇ ಸಾರುತ್ತಿದೆ.

ಹರಿಹರದಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ದೇವಾಲಯದ ಮೂರ್ತಿಯನ್ನು ನೋಡಿದವರಿಗೆ ಈ ಮಾತು ಹೊಸದಲ್ಲ. ಹರಿಯ ಲಕ್ಷಣವೂ ಹರನ ಲಕ್ಷಣವೂ ಅಲ್ಲಿ ಅಳಿಯದೆ ಉಳಿದು ಒಂದೇ ವಿಗ್ರಹವಾಗಿವೆ. ಮನುಷ್ಯರ ಕೂಟವೂ ಅಂಥದೇ. 1913ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ ಮೃತ್ಯುಂಜಯ ಸ್ವಾಮಿಗಳೂ ಹರ್ಡೇಕರ ಮಂಜಪ್ಪನವರೂ ಬಸವಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಿದಾಗ ಮನೆಮನೆಯ ಭಕ್ತಿಯು ಊರಿನ ಕೂಟವಾಯಿತು. ಕೂಟದಲ್ಲಿ ಶ್ರುತಿಗೆ ಸೇರದ ಮುದುಕರಿರುತ್ತಾರೆ, ಅಡ್ಡತಾಳ ಹಾಕುವ ಮಕ್ಕಳಿರುತ್ತಾರೆ. ಚೆನ್ನಾಗಿ ಹಾಡಬಲ್ಲವನು ಅವರಿಗಾಗಿ ತನ್ನ ದನಿಯನ್ನು ತಗ್ಗಿಸಬೇಕಾಗುತ್ತದೆ, ಅವರಿಗಾಗಿ ಕಾಯಬೇಕಾಗುತ್ತದೆ. ಆ ತಗ್ಗುವಿಕೆಯೇ ದಾಸೋಹ. ತನ್ನ ದನಿಗೆ ತನ್ನದೇ ದನಿಯನ್ನು ಜೊತೆಮಾಡಿಕೊಂಡವನಿಗೆ ತಗ್ಗುವ ಪ್ರಸಂಗವೇ ಬರುವುದಿಲ್ಲ.

ಹೀಗೆಂದು ಎಲ್ಲರನ್ನೂ ಒಂದೇ ಅಳತೆಯಿಂದ ಅಳೆಯಲಾಗದು. ಹಾಸಿಗೆ ಹಿಡಿದ ವೃದ್ಧೆ, ಕೈಗೂಸಿನ ತಾಯಿ, ಪರದೇಶದಲ್ಲಿ ದುಡಿಯುವ ಮಗ, ಇವರು ಭಜನೆಗೆ ಬರಲಾರರು. ಇವರಿಗೆ ಪದರ ಕಟ್ಟುವ ಆಪ್ ಏಕಾಂತದ ಸಂಗಾತಿ. 2020ರ ಲಾಕ್‌ಡೌನಿನ ದಿನಗಳಲ್ಲಿ ಲೋಕದ ಅನೇಕ ಗಾಯನತಂಡಗಳವರು ತಮ್ಮತಮ್ಮ ಮನೆಗಳಲ್ಲಿ ಹಾಡಿ ಮುದ್ರಿಸಿ, ಬಳಿಕ ಎಲ್ಲವನ್ನೂ ಒಂದುಗೂಡಿಸಿದರು. ಅಲ್ಲಿ ಒಂದೊಂದು ಪದರವೂ ಒಬ್ಬೊಬ್ಬರ ಉಸಿರಾಗಿತ್ತು. ಅದು ಕೂಟಕ್ಕೆ ಬಹು ಹತ್ತಿರವಾದುದು. ಹರಿಹರದ ಅಜ್ಜಿ, ದಾವಣಗೆರೆಯ ಮೊಮ್ಮಗಳು, ದೂರದೇಶದ ಮಗ ಮೂವರೂ ಒಂದೇ ವಚನಕ್ಕೆ ಮೂರು ಪದರಗಳಾದರೆ ಅದಕ್ಕಿಂತ ಒಳ್ಳೆಯ ಉಪಯೋಗ ಯಾವುದು?

ಸತ್ಯಾಸತ್ಯಗಳನ್ನು ಅರಿಯಲು ಶರಣರಲ್ಲಿಯೇ ಒಂದು ಒರೆಗಲ್ಲಿದೆ: ಅಂಕಿತ. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುಗಳದು ಗುಹೇಶ್ವರ, ಅಕ್ಕಮಹಾದೇವಿಯವರದು ಚೆನ್ನಮಲ್ಲಿಕಾರ್ಜುನ. ನುಡಿ ಯಾರದೆಂಬುದು ಅದರಿಂದ ಗೊತ್ತಾಗುತ್ತದೆ. ಯಾರಿಗೆ ಅರ್ಪಿತವೆಂಬುದೂ ಗೊತ್ತಾಗುತ್ತದೆ. 1902ರಲ್ಲಿ ಕಲಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಕೂಡ ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಹೇಳುತ್ತಿದ್ದಳು. ಮುದ್ರಿಸುವ ಪರದೇಶದವರಿಗೆ ಹಾಡಿದವರು ಯಾರೆಂದು ತಿಳಿಯಲೆಂದು ಆ ರೂಢಿ. ಪದರಗಳ ಹಾಡಿಗೂ ಅಂಕಿತವಿರಲಿ. ಎಲ್ಲ ದನಿಗಳೂ ಒಬ್ಬನವೇ ಎಂದೂ, ಸ್ವರವನ್ನು ಯಂತ್ರದಿಂದ ತಿದ್ದಿದ್ದರೆ ತಿದ್ದಿದೆಯೆಂದೂ ಒಂದು ಮಾತು ಹೇಳಿದರೆ ಹುಸಿಯು ಹುಟ್ಟುವುದೇ ಇಲ್ಲ. ಪರರ ದನಿಯನ್ನು ಅವರ ಒಪ್ಪಿಗೆಯಿಲ್ಲದೆ ತನ್ನ ಪದರದೊಳಗೆ ಸೇರಿಸುವುದು ಪರಧನಾಪಹರಣಕ್ಕೆ ಸಮಾನ. ಯಾರದೋ ಕಂಠವನ್ನು ಯಂತ್ರದಿಂದ ಅನುಕರಿಸಿ, ಅವರು ಹಾಡದುದನ್ನು ಹಾಡಿಸುವುದು ಅದಕ್ಕಿಂತಲೂ ಹೀನ.

ಮೊಬೈಲಿನಲ್ಲಿ ಕಟ್ಟಿದ ಪದರಗಳು ಸಾಧಕನ ಅಭ್ಯಾಸಕ್ಕೆ ಒದಗಲಿ, ದೂರದವರನ್ನು ಹತ್ತಿರ ತರಲಿ. ಸೋಮವಾರದ ಸಂಜೆ ಭಜನೆಯ ಗಂಟೆ ಬಾರಿಸಿದಾಗ ಮಾತ್ರ, ಬರಬಲ್ಲವನು ಇಯರ್‌ಫೋನನ್ನು ತೆಗೆದಿಟ್ಟು, ತಿದ್ದದ ದನಿಯೊಡನೆ ನಾಲ್ವರ ನಡುವೆ ಬಂದು ಕೂಡಲಿ.